ಹರವಿಯ ಮೇಲಿನ ಹೆಂಚು

ಟಿಳಕವಾಡಿ, ಬೆಳಗಾವಿ
15 ನವೆಂಬರ್ 1981

ಅಬ್ಬಾ, ಸಲಾಮ್.

ದೀಪಾವಳಿ ರಜೆ ಮುಗಿಸಿ ಬಂದವಳು ಇನ್ನೂ ಒಂದಕ್ಷರ ಬರೆದಿಲ್ಲವೆಂದು ಮುನಿಸಿಕೊಂಡಿರುತ್ತೀರಿ. ಬರೆಯಲು ಕೂತರೆ ಎದ್ದು ಓಡಾಡಬೇಕೆನಿಸುತ್ತದೆ, ಓಡಾಡಿದರೆ ಕೂತು ಬರೆಯಬೇಕೆನಿಸುತ್ತದೆ. ಎರಡನೇ ರೈಲ್ವೆ ಗೇಟಿನ ಹತ್ತಿರದ ಈ ಖೋಲಿಯಲ್ಲಿ ಓಡಾಡಲು ಜಾಗವಾದರೂ ಎಲ್ಲಿದೆ? ರೈಲು ಹೋದಾಗಲೆಲ್ಲ ಮೇಜಿನ ಮೇಲಿನ ಹಾಳೆಗಳು ನಡುಗುತ್ತವೆ, ಅವುಗಳ ಜೊತೆ ನಾನೂ.

ಪುಣೆಯಿಂದ ನನ್ನ ಗೈಡ್ ಸರ್ ಕಾಗದ ಬರೆದಿದ್ದಾರೆ. ನನ್ನ ಸಂಶೋಧನೆ ಏನೆಂದು ನೀವು ಪ್ರತಿ ಸಲ ಕೇಳುತ್ತೀರಿ, ನಾನು ಪ್ರತಿ ಸಲ ಅರ್ಧ ಹೇಳಿ ಬಿಡುತ್ತೇನೆ. ಈಗ ಪೂರ್ತಿ ಕೇಳಿ. ಚೆಲ್ಲಾಪಿಲ್ಲಿಯಾಗಿ ಬಿದ್ದದ್ದನ್ನು ವಿಂಗಡಿಸಿ ಕ್ರಮಕ್ಕೆ ತರುವುದು ಹೇಗೆ ಎನ್ನುವುದೇ ನನ್ನ ವಿಷಯ. ನಾನು ಹಾಳೆಯಲ್ಲಿ ಬರೆದು ಕಳಿಸಿದ್ದನ್ನು ಪುಣೆಯಲ್ಲಿ ಕಾರ್ಡುಗಳ ಮೇಲೆ ತೂತು ಹೊಡೆದು ಕಂಪ್ಯೂಟರಿಗೆ ತಿನ್ನಿಸುತ್ತಾರೆ. ಅದು ಎರಡೆರಡು ಅಂಕಿಗಳನ್ನು ಹೋಲಿಸಿ, ಚಿಕ್ಕದನ್ನು ಮುಂದಕ್ಕೂ ದೊಡ್ಡದನ್ನು ಹಿಂದಕ್ಕೂ ತಳ್ಳುತ್ತ ಸಾಲು ಮಾಡುತ್ತದೆ. ಹೇಗೆ ತಳ್ಳಿದರೆ ಬೇಗ ಮುಗಿಯುತ್ತದೆ ಎನ್ನುವುದಕ್ಕೆ ಹತ್ತಾರು ಪದ್ಧತಿಗಳಿವೆ. ಈಗ ಸರ್ ಹೇಳುತ್ತಾರೆ: ಕಂಪ್ಯೂಟರು ಹುಟ್ಟುವ ಮೊದಲೂ ಜನ ವಿಂಗಡಿಸುತ್ತಿದ್ದರಲ್ಲ, ಅವರು ಹೇಗೆ ಮಾಡುತ್ತಾರೆ ನೋಡಿಕೊಂಡು ಬಾ, ಆ ಅಧ್ಯಾಯವಿಲ್ಲದೆ ಪ್ರಬಂಧ ಕಳಿಸಬೇಡ.

ಹೀಗಾಗಿ ಟಪಾಲು ವಿಂಗಡಿಸುವಲ್ಲಿಗೆ ಹೋಗಿಬಂದೆ. ಅಲ್ಲಿ ಒಂದು ಪತ್ರವನ್ನು ಇನ್ನೊಂದರ ಜೊತೆ ಹೋಲಿಸುವುದೇ ಇಲ್ಲ. ಗೋಡೆ ತುಂಬ ಗೂಡುಗಳು, ಊರ ಹೆಸರು ನೋಡುವುದು, ಗೂಡಿಗೆ ಎಸೆಯುವುದು. ನಾನು ಪಾಠ ಹೇಳುವ ಕಾಲೇಜಿನ ಲೈಬ್ರರಿಯಲ್ಲಿ ಬೇರೆ ರೀತಿ. ಹೊಸ ಕಾರ್ಡು ಬಂದರೆ ಅದರ ಜಾಗ ಹುಡುಕಿ ಹಳೆಯವುಗಳ ನಡುವೆ ತುರುಕಬೇಕು. ಇಷ್ಟೆಲ್ಲ ತಿರುಗಿದ ಮೇಲೆ ನೆನಪಾಯಿತು, ದಿನವಿಡೀ ಹೆಂಚು ಬಡಿದು ರಾಶಿ ಮಾಡುವವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ!

ಅಬ್ಬಾ, ಹೆಂಚನ್ನು ನೀವು ಯಾವುದರ ಜೊತೆ ಹೋಲಿಸುತ್ತೀರಿ? ಬರೆದು ತಿಳಿಸಿ. ಅಮ್ಮಿಯ ಹಲ್ಲುನೋವು ಹೇಗಿದೆ?

ನಿಮ್ಮ ಬಿಲ್ಕೀಸ


ಖಾನಾಪುರ
24 ನವೆಂಬರ್ 1981

ಬಿಲ್ಕೀಸ ಬೇಟಾ, ದುವಾ.

ನಿನ್ನ ಕಾಗದವನ್ನು ಅಮ್ಮಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಅಕ್ಷರ ಬಾರದು, ನನಗೂ ನಿನಗೂ ಉರ್ದು ಅಕ್ಷರ ಬಾರದು. ಹೀಗಾಗಿ ಈ ಮನೆಯಲ್ಲಿ ಓದಿ ಹೇಳುವವನು ಬೇಕಾದ್ದನ್ನು ಹೇಳಿ ಬೇಡಾದ್ದನ್ನು ನುಂಗಬಹುದು. ಎಲ್ಲ ಕೇಳಿ ಅವಳು, "ಇಷ್ಟ ಓದಿ ಕಡೀಕ ಹೆಂಚ ಬಡಿಯೂದ ಕಲಿಯಾಕ ಬಂದಳೇನು?" ಎಂದಳು. ಹಲ್ಲುನೋವು ಇಲ್ಲ ಎಂದು ತಿಳಿ.

ನಾನು ಹೆಂಚನ್ನು ಹೆಂಚಿನ ಜೊತೆ ಹೋಲಿಸುವುದಿಲ್ಲ. ಎಡಗೈಯಲ್ಲಿ ಹಿಡಿದು ಕಟ್ಟಿಗೆಯ ತುಂಡಿನಿಂದ ಬಡಿಯುತ್ತೇನೆ. ಚೆನ್ನಾಗಿ ಬೆಂದದ್ದು ಠಣ್ ಎನ್ನುತ್ತದೆ, ಅದು ಫಸ್ಟ್. ಬೇಯದ್ದು ದಬ್ ಎನ್ನುತ್ತದೆ, ಅದು ಸೆಕೆಂಡ್. ಸೀಳಿದ್ದರೆ ಹಲ್ಲು ಬಿದ್ದ ಮುದುಕನ ಹಾಗೆ ಗೊರಗೊರ ಎನ್ನುತ್ತದೆ, ಅದನ್ನು ಬಿಸಾಡುವುದು. ಠಣ್ ಅಂದರೆ ಎಷ್ಟು ಠಣ್ ಎಂದು ಕೇಳುತ್ತೀ. ಆ ಸದ್ದು ತಲೆಯೊಳಗಿದೆ. ಅದರ ಜೊತೆ ಹೋಲಿಸುತ್ತೇನೆ.

ನಮ್ಮ ನೀರಿನ ಹರವಿಯ ಮೇಲೆ ಮುಚ್ಚಿರುವ ಹೆಂಚು ನಿನಗೆ ಗೊತ್ತು. ಅದು ಗೆಳೆಯ ಬಂಡೆಪ್ಪ ನಮ್ಮ ಕಾರ್ಖಾನೆಯಲ್ಲಿ ಭಟ್ಟಿ ಹಚ್ಚಲು ಶುರುಮಾಡಿದಾಗಿನ ಮೊದಲ ಭಟ್ಟಿಯದು. ಮಳೆಗಾಲದಲ್ಲಿ ಹಸಿ ಹೆಂಚು ಒಣಗದೆ ಕಾರ್ಖಾನೆ ಮುಚ್ಚುತ್ತದಲ್ಲ, ಮತ್ತೆ ತೆರೆದ ದಿನ ನಾನು ಅದನ್ನು ಒಯ್ದು ಬಡಿಯುತ್ತಿದ್ದೆ, ಇಬ್ಬರೂ ಕಿವಿಗೊಟ್ಟು ಕೇಳಿ ಆಮೇಲೆ ಕೆಲಸಕ್ಕೆ ಹತ್ತುತ್ತಿದ್ದೆವು. ಈ ವರ್ಷ ಒಯ್ಯಲಿಲ್ಲ. ಆ ದಿನ ಬಂಡೆಪ್ಪ ಸಾಂಬ್ರಾಕ್ಕೆ ತಂಗಿಯ ಮನೆಗೆ ಹೋಗಿದ್ದ. ನನಗೂ, ಇಷ್ಟು ವರ್ಷವಾದ ಮೇಲೆ ಇನ್ನೇನು ಕೇಳುವುದು ಎನಿಸಿತು.

ಆದರೆ ಈ ವರ್ಷ ಹೆಂಚು ಮಾತಾಡುತ್ತಿಲ್ಲ ಬೇಟಾ. ಸೆಕೆಂಡಿನ ರಾಶಿ ಫಸ್ಟಿನ ರಾಶಿಗಿಂತ ಎತ್ತರಕ್ಕೆ ಬೆಳೆದಿದೆ. ಮಣ್ಣು ಸರಿಯಿಲ್ಲ ಎಂದೆ. ಮಾಲಕರು ಬಾಳಾಸಾಹೇಬರು ಬೇರೆ ಕಡೆ ಅಗೆಸಿ ಮಣ್ಣು ತರಿಸಿದರು. ಅದೂ ಹಾಗೇ. ಮಣ್ಣಲ್ಲದಿದ್ದರೆ ಬೆಂಕಿಯೇ ಆಗಬೇಕಲ್ಲ? ಬಂಡೆಪ್ಪ ಉರಿ ಹಾಕುವುದರಲ್ಲಿ ಮೈಗಳ್ಳತನ ಮಾಡುತ್ತಿದ್ದಾನೆ. ಮುಖದ ಮೇಲೆಯೇ ಹೇಳಿದೆ. ಅಂದಿನಿಂದ ಅವನು ನನ್ನ ಜೊತೆ ಚಹಾ ಕುಡಿಯುವುದನ್ನು ಬಿಟ್ಟಿದ್ದಾನೆ. ಇದು ನಿನ್ನ ಪುಸ್ತಕಕ್ಕೆ ಬೇಡದ ಮಾತು, ಆದರೂ ಬರೆದೆ. ಯಾಕೋ ಮನಸ್ಸಿಗೆ ಸಮಾಧಾನವಿಲ್ಲ.

ನಿನ್ನ ಅಬ್ಬಾ
ಮೌಲಾಸಾಬ


ಟಿಳಕವಾಡಿ
17 ಡಿಸೆಂಬರ್ 1981

ಅಬ್ಬಾ, ಸಲಾಮ್.

ರವಿವಾರ ರಜೆಯ ದಿನವೂ ನಿಮ್ಮನ್ನು ಶೆಡ್ಡಿಗೆ ಎಳೆದುಕೊಂಡು ಹೋಗಿ ಕಾಡಿಸಿದೆ. ಒಂದೇ ರಾಶಿಯನ್ನು ನಿಮ್ಮಿಂದ ಎರಡು ಸಲ ವಿಂಗಡಣೆ ಮಾಡಿಸಿದ್ದಕ್ಕೆ ನೀವು ನಕ್ಕಿರಿ. ಅದೇ ರಾಶಿಯನ್ನು ಬಂಡೆಪ್ಪ ಕಾಕಾನ ಕೈಗೂ, ಹೆಂಚು ಹೊರುವ ರೇಣವ್ವನ ಕೈಗೂ ಕೊಟ್ಟಾಗ ನಗಲಿಲ್ಲ. ಸಿಟ್ಟು ಬಂದದ್ದು ಕಂಡೆ. ಇದು ನಿಮ್ಮ ಪರೀಕ್ಷೆಯಲ್ಲ, ಪದ್ಧತಿಯ ಪರೀಕ್ಷೆ ಎಂದು ಅಲ್ಲಿಯೇ ಹೇಳಿದೆ, ನಿಮಗೆ ಕೇಳಿಸಿತೋ ಇಲ್ಲವೋ.

ಲೆಕ್ಕ ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ಬರೆಯುತ್ತೇನೆ.

ಒಂದು ಮಾತು, ಸಿಟ್ಟಾಗಬೇಡಿ. ಅಂದು ರೇಣವ್ವ ಹಿಂದಿನಿಂದ ಎಷ್ಟು ಕರೆದರೂ ನೀವು ತಿರುಗಲಿಲ್ಲ. ಮನೆಯಲ್ಲಿ ಅಮ್ಮಿ ಊಟಕ್ಕೆ ಕರೆದು ಕರೆದು ಕೊನೆಗೆ ಬಂದು ಭುಜ ಮುಟ್ಟಿದರು. ಇಲ್ಲಿ ನಮ್ಮ ಓಣಿಯ ಕೊನೆಯಲ್ಲಿ ಕಿವಿಯ ಡಾಕ್ಟರೊಬ್ಬರಿದ್ದಾರೆ, ಒಳ್ಳೆಯವರಂತೆ. ಒಂದು ದಿನ ಬನ್ನಿ, ತೋರಿಸಿಕೊಂಡು ಹಾಗೇ ಪೇಟೆ ತಿರುಗಿ ಬರೋಣ.

ಬರೆಯುವುದು ಇನ್ನೂ ಇತ್ತು. ಕ್ಲಾಸಿಗೆ ಹೊತ್ತಾಯಿತು.

ಬಿಲ್ಕೀಸ


ಖಾನಾಪುರ
2 ಜನವರಿ 1982

ಬೇಟಾ, ದುವಾ.

ಭಟ್ಟಿಯ ಸದ್ದು, ಮಣ್ಣು ಕಲೆಸುವ ಮಶಿನಿನ ಸದ್ದು, ಇವುಗಳ ನಡುವೆ ಹೆಣ್ಣುಮಗಳೊಬ್ಬಳು ಹಿಂದಿನಿಂದ ಕರೆದರೆ ಯಾರಿಗೆ ಕೇಳಿಸುತ್ತದೆ? ರಜೆಯ ದಿನ ಮಶಿನು ಎಲ್ಲಿತ್ತು ಎಂದು ಕೇಳಬೇಡ. ಇನ್ನು ನಿನ್ನ ಅಮ್ಮಿ ಕರೆದದ್ದು ಮೂವತ್ತು ವರ್ಷಗಳಿಂದ ನನಗೆ ಬೇಕಾದಾಗ ಕೇಳಿಸುತ್ತದೆ, ಬೇಡಾದಾಗ ಇಲ್ಲ. ಡಾಕ್ಟರ ಮಾತು ಬಿಡು. ಕಿವಿಗೆ ಎರಡು ಹನಿ ಎಣ್ಣೆ ಬಿಟ್ಟುಕೊಂಡಿದ್ದೇನೆ.

ಇಲ್ಲಿನ ಸುದ್ದಿ ಚೆನ್ನಾಗಿಲ್ಲ. ಶಿವರಾತ್ರಿಯಾದ ಮೇಲೆ ಬಂಡೆಪ್ಪನನ್ನು ತೆಗೆದು ಬೇರೆ ಭಟ್ಟಿಯವನನ್ನು ತರುತ್ತೇನೆಂದು ಬಾಳಾಸಾಹೇಬರು ಹೇಳಿಬಿಟ್ಟಿದ್ದಾರೆ. ಎಲ್ಲರ ಮುಂದೆ ನನ್ನತ್ತ ಕೈ ತೋರಿಸಿ, ಮೌಲಾಸಾಬನ ಕಿವಿ ಸುಳ್ಳು ಹೇಳುವುದಿಲ್ಲ ಎಂದರು. ನನಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಬಂಡೆಪ್ಪ ತಲೆ ತಗ್ಗಿಸಿ ನಿಂತಿದ್ದ. ನಿನ್ನೆ ಅವನ ಹೆಂಡತಿ ಪದ್ಮವ್ವ ನಮ್ಮ ಮನೆಗೆ ಬಂದು ಅಮ್ಮಿಯ ಬಾಜು ಸುಮ್ಮನೆ ಕೂತು ಎದ್ದುಹೋದಳು. ಈ ವಯಸ್ಸಿನಲ್ಲಿ ಭಟ್ಟಿ ಬಿಟ್ಟರೆ ಅವನಿಗೆ ಬೇರೆ ಯಾವ ಕೆಲಸ ಬರುತ್ತದೆ?

ಆದರೆ ನಾನೇನು ಮಾಡಲಿ? ಬೇಯದ ಹೆಂಚನ್ನು ಬೆಂದಿದೆ ಎಂದು ಯಾರದೋ ಮನೆಯ ಮೇಲೆ ಹಾಕಿಸಲೇ? ಸ್ನೇಹ ಬೇರೆ, ಕೆಲಸ ಬೇರೆ. ನಿನ್ನ ಲೆಕ್ಕವನ್ನು ಬೇಗ ಕಳಿಸು. ಕಂಪ್ಯೂಟರಿನ ಲೆಕ್ಕ ಎಂದರೆ ಬಂಡೆಪ್ಪನೂ ಒಪ್ಪುತ್ತಾನೆ. ಇಲ್ಲದಿದ್ದರೆ ಮೌಲಾಸಾಬ ಹಗೆ ಸಾಧಿಸಿದ ಎಂದು ಸಾಯುವ ತನಕ ಅಂದುಕೊಳ್ಳುತ್ತಾನೆ.

ನಿನ್ನ ಅಬ್ಬಾ


ಟಿಳಕವಾಡಿ
10 ಜನವರಿ 1982

ಅಬ್ಬಾ,

ಈ ಕಾಗದವನ್ನು ಅಮ್ಮಿಗೆ ಓದಿ ಹೇಳಬೇಡಿ. ಮೊದಲು ನೀವೊಬ್ಬರೇ ಓದಿ.

ಲೆಕ್ಕ ಮುಗಿದಿಲ್ಲ ಎಂದು ಬರೆದದ್ದು ಸುಳ್ಳು. ಅಂದು ಖಾನಾಪುರದಿಂದ ವಾಪಸು ಬರುವಾಗ ರೈಲಿನಲ್ಲೇ ಮುಗಿದಿತ್ತು. ಬಂಡೆಪ್ಪ ಕಾಕಾ ಮತ್ತು ರೇಣವ್ವ ಒಬ್ಬರನ್ನೊಬ್ಬರು ನೋಡದೆ ಫಸ್ಟ್ ಎಂದು ಆರಿಸಿದ ಹೆಂಚುಗಳು ಹೆಚ್ಚುಕಡಿಮೆ ಒಂದೇ. ನೀವು ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸೆಕೆಂಡಿಗೆ ಹಾಕಿದ್ದೀರಿ. ಮೊದಲ ಸಲ ನೀವೇ ಫಸ್ಟ್ ಅಂದದ್ದನ್ನು ಎರಡನೆಯ ಸಲ ಸೆಕೆಂಡ್ ಅಂದಿದ್ದೀರಿ. ಅವರಿಬ್ಬರೇ ತಪ್ಪಿರಬಹುದು ಎಂದು ಆಶೆಯಿಂದ ಎಲ್ಲ ಹೆಂಚುಗಳನ್ನೂ ನೀರಿನಲ್ಲಿ ನೆನೆಸಿ ತೂಗಿಸಿದೆನಲ್ಲ, ಬೇಯದ ಹೆಂಚು ನೀರು ಕುಡಿಯುತ್ತದೆ ಎಂದು ಹೇಳಿಕೊಟ್ಟವರು ನೀವೇ. ಅವು ನೀರು ಕುಡಿಯಲಿಲ್ಲ ಅಬ್ಬಾ. ಅವು ಬೆಂದಿವೆ.

ಮಣ್ಣು ಕೆಟ್ಟಿಲ್ಲ, ಬೆಂಕಿ ಕೆಟ್ಟಿಲ್ಲ. ನಿಮ್ಮ ತಲೆಯೊಳಗಿನ ಸದ್ದು ಇದ್ದಂತೆಯೇ ಇದೆ. ಹೊರಗಿನ ಸದ್ದು ನಿಮ್ಮ ಕಿವಿಗೆ ಪೂರ್ತಿ ಮುಟ್ಟುತ್ತಿಲ್ಲ. ಅದಕ್ಕೇ ಎಲ್ಲ ಹೆಂಚೂ ಮೂಕವಾಗಿವೆ ಎನಿಸುತ್ತದೆ.

ಮನೆಗೆ ಬಂದೇ ಹೇಳಬಹುದಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಬಂದಾಗ ಅಂಗಳದಲ್ಲಿ ಹೇಳಲು ಹೊರಟೆ ಕೂಡ. ನೀವು "ಆಂ?" ಎಂದಿರಿ. ಜೋರಾಗಿ ಹೇಳಿದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಈಗ ನಿಮ್ಮ ಜೊತೆ ಮೆಲ್ಲಗೆ ಮಾತಾಡಬೇಕೆಂದರೆ ನನಗೆ ಬರೆಯುವುದೊಂದೇ ದಾರಿ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈ ಲೆಕ್ಕ ನೋಡಿ ಸರ್‌ಗೆ ಬಹಳ ಸಂತೋಷವಾಗಿದೆ. ಹೋಲಿಸುವವನೇ ತಪ್ಪಿದರೆ ವಿಂಗಡಣೆ ಏನಾಗುತ್ತದೆ ಎನ್ನುವುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಇಲ್ಲವಂತೆ. ಆ ಸಾಲು ಓದಿ ನನಗೆ ಅನ್ನ ಸೇರಲಿಲ್ಲ. ಅದು ನಿಮ್ಮದೆಂದು ನಾನು ಅವರಿಗೆ ತಿಳಿಸಿಲ್ಲ.

ನನ್ನನ್ನು ನಂಬಬೇಡಿ. ಕಂಪ್ಯೂಟರನ್ನೂ ನಂಬಬೇಡಿ. ಹರವಿಯ ಮೇಲಿನ ಹೆಂಚನ್ನು ತೆಗೆದು ಬಡಿದು ನೋಡಿ. ಅದು ಈ ವರ್ಷದ ಮಣ್ಣಲ್ಲ, ಈ ವರ್ಷದ ಬೆಂಕಿಯೂ ಅಲ್ಲ.

ನಿಮ್ಮ ಬಿಲ್ಕೀಸ


ಟಿಳಕವಾಡಿ
5 ಫೆಬ್ರುವರಿ 1982

ಅಬ್ಬಾ,

ನಿಮ್ಮ ಉತ್ತರ ಬರಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಕ್ಲಾಸಿಗೆ ತಯಾರಾಗುವುದನ್ನು ಬಿಟ್ಟು ಬಾಗಿಲಿಗೆ ಓಡುತ್ತೇನೆ. ಎರಡು ಸಲ ಖಾನಾಪುರದ ಟಿಕೀಟು ತೆಗೆಸಿ ರೈಲು ಹತ್ತದೆ ಬಂದಿದ್ದೇನೆ. ಬಂದು ಯಾವ ಮುಖ ತೋರಿಸಲಿ?

ಬಾಳಾಸಾಹೇಬರಿಗೆ ನಾನೇ ಬರೆಯಬಹುದಿತ್ತು. ಬರೆದೂ ಇದ್ದೆ, ಹರಿದುಹಾಕಿದೆ. ಅದು ನಿಮ್ಮ ಬಾಯಿಂದಲೇ ಬರಬೇಕು. ಆದರೆ ಶಿವರಾತ್ರಿ ಹತ್ತಿರ ಬಂತು ಅಬ್ಬಾ. ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮೇಲೆಯೇ ಇರಲಿ. ಬಂಡೆಪ್ಪ ಕಾಕಾ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಮಲಪ್ರಭೆ ದಾಟಿಸಿದವನು.

ಬಿಲ್ಕೀಸ


ಖಾನಾಪುರ
18 ಫೆಬ್ರುವರಿ 1982

ಬಿಲ್ಕೀಸಳಿಗೆ,

ನಿನ್ನ ಕಾಗದ ಓದಿ ಒಲೆಗೆ ಹಾಕಬೇಕೆಂದುಕೊಂಡೆ. ಅಷ್ಟು ಸಿಟ್ಟು ಬಂದಿತ್ತು. ಇವಳನ್ನು ಓದಿಸಿದ್ದು ಇದಕ್ಕೇ ಏನು ಎನಿಸಿತು. ಏನು ಬರೆದಾಳೆ ಎಂದು ಅಮ್ಮಿ ಕೇಳಿದಳು. ಆರಾಮಿದ್ದಾಳಂತೆ ಎಂದೆ.

ಅನೇಕ ದಿನ ಆ ಹೆಂಚಿನ ಕಡೆ ನೋಡಲಿಲ್ಲ. ನೀರು ಬೇಕಾದರೂ ಅಮ್ಮಿಯನ್ನೇ ಕೇಳುತ್ತಿದ್ದೆ. ಕೊನೆಗೆ ಅವಳು ಹಿತ್ತಲಿಗೆ ಹೋದಾಗ ತೆಗೆದು ಬಡಿದೆ. ದಬ್ ಎಂದಿತು. ನೀರಿನ ಹರವಿಯ ಮೇಲಿದ್ದು ತಂಪು ಹಿಡಿದಿದೆ ಎಂದುಕೊಂಡು ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಬಡಿದೆ, ಮತ್ತೆ ದಬ್. ಕಟ್ಟಿಗೆಯ ತುಂಡು ಬದಲಿಸಿದೆ. ಹಿಡಿಯುವ ಕೈ ಬದಲಿಸಿದೆ. ಹುಚ್ಚನ ಹಾಗೆ ಬಡಿಯುತ್ತಿದ್ದೆ. ಅಮ್ಮಿ ಓಡಿಬಂದು ನನ್ನ ಮುಂದೆ ನಿಂತು, "ಯಾಕ್ರೀ, ಓಣಿಗೆಲ್ಲಾ ಗಂಟಿ ಬಾರಸಾಕ ಹತ್ತೀರಿ?" ಎಂದಳು.

ಅವಳಿಗೆ ಅದು ಗಂಟೆ. ನನಗೆ ದಬ್. ಅಲ್ಲಿಯೇ ಕೂತು ಅತ್ತುಬಿಟ್ಟೆ ಬೇಟಾ. ಅವಳಿಗೆ ಎಲ್ಲ ಹೇಳಿದೆ. ತನಗೆ ಹೋದ ಮಳೆಗಾಲದಿಂದಲೇ ಗೊತ್ತಿತ್ತು ಎಂದಳು. ನನಗೆ ಹೇಳಲು ಮನಸ್ಸಾಗಲಿಲ್ಲವಂತೆ.

ಮರುದಿನ ಹೆಂಚನ್ನು ಟವೆಲಿನಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಹೋದೆ. ಬಂಡೆಪ್ಪನನ್ನೂ ರೇಣವ್ವನನ್ನೂ ಕರೆಸಿರಿ ಎಂದು ಬಾಳಾಸಾಹೇಬರಿಗೆ ಹೇಳಿದೆ. ಅವರು ಬಂದ ಮೇಲೆ ಒಂದೇ ಉಸಿರಿಗೆ ಹೇಳಿದೆ: "ಸಾಹೇಬ್ರ, ಮಣ್ಣು ಖರೇ ಐತಿ, ಭಟ್ಟಿ ಖರೇ ಐತಿ. ನನ್ನ ಕಿವಿನ ಖೋಟಾ ಆಗೇತಿ." ಬಾಳಾಸಾಹೇಬರು ನಂಬಲಿಲ್ಲ. ಸ್ನೇಹಿತನನ್ನು ಉಳಿಸಲು ಸುಳ್ಳು ಹೇಳುತ್ತೀಯಾ ಎಂದು ಮರಾಠಿಯಲ್ಲಿ ಗದರಿದರು. ಆಗ ರೇಣವ್ವನ ಕೈಯಲ್ಲಿ ಹಳೆಯ ಹೆಂಚನ್ನು ಬಡಿಸಿದೆ, ಆಮೇಲೆ ನನ್ನ ಸೆಕೆಂಡಿನ ರಾಶಿಯಿಂದ ಒಂದೊಂದೇ ತೆಗೆಸಿ ಬಡಿಸಿದೆ. ಬಾಳಾಸಾಹೇಬರ ಮುಖ ನೋಡಿಯೇ ನನಗೆ ತಿಳಿಯಿತು, ಅವು ಎಂಥ ಹೆಂಚುಗಳೆಂದು.

ಬಂಡೆಪ್ಪನನ್ನು ತೆಗೆಯುವುದಿಲ್ಲ. ನನ್ನ ಜಾಗದಲ್ಲಿ ಇನ್ನು ಮೇಲೆ ರೇಣವ್ವ ಕೂರುತ್ತಾಳೆ. ನನಗೆ ಅಂಗಳದಲ್ಲಿ ಹಸಿ ಹೆಂಚು ತಿರುವಿ ಒಣಗಿಸುವ ಕೆಲಸ. ಅದಕ್ಕೆ ಕಿವಿ ಬೇಕಿಲ್ಲ.

ಬಂಡೆಪ್ಪನ ಕೈ ಹಿಡಿಯಲು ಹೋದೆ. ಅವನು ಭಟ್ಟಿಯ ಕಡೆ ಹೊರಟುಹೋದ. ಅವನ ಕೆಲಸ ಉಳಿಯಿತು, ನನಗೆ ಅವನು ಉಳಿಯಲಿಲ್ಲ. ನೀನು ಮಾಡಿದ್ದು ಸರಿ ಎಂದು ಗೊತ್ತಿದೆ. ಹಾಗೆಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ಅಬ್ಬಾ


ಟಿಳಕವಾಡಿ
6 ಮಾರ್ಚ್ 1982

ಅಬ್ಬಾ, ಸಲಾಮ್.

ಹೋದ ರವಿವಾರ ಮನೆಗೆ ಬಂದಾಗ ನಾವು ಯಾವುದನ್ನೂ ಮಾತಾಡಲಿಲ್ಲ. ಈಗ ಎಲ್ಲರಿಗೂ ಗೊತ್ತಾಗಿದೆ ನೋಡಿ, ಎಲ್ಲರೂ ನಿಮ್ಮೆದುರು ಕೂಗುತ್ತಾರೆ. ನಾನೂ ಚಹಾ ತಗೊಳ್ಳಿ ಎಂದು ಕೂಗಿದೆ. ನೀವು ಒಂದು ಕ್ಷಣ ನನ್ನನ್ನು ನೋಡಿದಿರಿ. ಆ ನೋಟ ಕಣ್ಣಿಂದ ಹೋಗುತ್ತಿಲ್ಲ. ಇನ್ನು ಮೇಲೆ ಚಹಾದ ವಿಷಯವನ್ನೂ ಬರೆದೇ ಕೇಳುತ್ತೇನೆ.

ನಿಮ್ಮ ಒಪ್ಪಿಗೆಯಿಲ್ಲದೆ ಹೆಂಚಿನ ಅಧ್ಯಾಯವನ್ನು ಪುಣೆಗೆ ಕಳಿಸುವುದಿಲ್ಲ. ಸರ್ ಅವಸರ ಮಾಡುತ್ತಿದ್ದಾರೆ, ಮಾಡಲಿ. ಬೇಡವೆಂದರೆ ತೆಗೆದುಹಾಕುತ್ತೇನೆ. ಟಪಾಲು ಇದೆ, ಲೈಬ್ರರಿ ಇದೆ, ಅಷ್ಟರಲ್ಲೇ ಹೇಗೋ ಹೊಂದಿಸುತ್ತೇನೆ. ಬೇಕೋ ಬೇಡವೋ, ಒಂದು ಮಾತು ಬರೆಯಿರಿ.

ಬಂಡೆಪ್ಪ ಕಾಕಾ ಮಾತಾಡಿದನೇ?

ನಿಮ್ಮ ಬಿಲ್ಕೀಸ


ಖಾನಾಪುರ
22 ನವೆಂಬರ್ 1982

ಬಿಲ್ಕೀಸ ಬೇಟಾ, ದುವಾ.

ನೀನು ಮಾರ್ಚಿನಲ್ಲಿ ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನಡುವೆ ನೀನು ರಂಜಾನಿಗೆ ಬಂದೆ, ಬಕ್ರೀದಿಗೆ ಬಂದೆ, ಒಂದು ಸಲವೂ ಕೇಳಲಿಲ್ಲ. ಪ್ರಬಂಧವನ್ನು ಹಾಗೇ ಕಟ್ಟಿಟ್ಟುಕೊಂಡು ಕೂತಿದ್ದೀ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಮಳೆಗಾಲವಿಡೀ ಕೆಲಸವಿಲ್ಲದೆ ಒಳಗೆ ಹೊರಗೆ ತಿರುಗಿದೆ. ನಮ್ಮ ಮನೆಯ ಹೆಂಚಿನ ಮೇಲೆ ಮಳೆ ಬಿದ್ದರೆ ಅಮ್ಮಿ ಹೇಳಿದ ಮೇಲೆಯೇ ನನಗೆ ತಿಳಿಯುತ್ತಿತ್ತು.

ಕಳಿಸು. ಪೂರ್ತಿ ಕಳಿಸು. ಹೆಸರು ಬೇಕಾದರೆ ಹಾಕು, ಬೇಡದಿದ್ದರೆ ಬಿಡು. ಕಿವಿ ಹೋಯಿತು ಎಂದಷ್ಟೇ ಬರೆಯಬೇಡ. ಮೊದಲು ಮಣ್ಣಿಗೆ ಬೈದ, ಆಮೇಲೆ ಸ್ನೇಹಿತನಿಗೆ ಬೈದ, ಹರವಿಯ ಮೇಲಿನ ಹೆಂಚನ್ನು ಕೊನೆಗೆ ಬಡಿದ ಎಂದೂ ಬರೆ. ನಿನ್ನ ಕಂಪ್ಯೂಟರಿನಲ್ಲಿ ಇದಕ್ಕೆ ಜಾಗವಿದೆಯೋ ಇಲ್ಲವೋ ಕಾಣೆ.

ಇಷ್ಟು ತಿಂಗಳು ಬರೆಯದವನು ಇಂದು ಯಾಕೆ ಬರೆದೆ ಎಂದು ಹೇಳುತ್ತೇನೆ. ಈ ಸಲ ಮಳೆ ಹೋಗಲು ತಡವಾಗಿ ಕಾರ್ಖಾನೆ ಇವತ್ತು ತೆರೆಯಿತು. ನಾನು ಬೆಳಿಗ್ಗೆ ಅಂಗಿ ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಬಂಡೆಪ್ಪ ನಿಂತಿದ್ದ. ಒಂದು ವರ್ಷದಿಂದ ನಮ್ಮ ಹೊಸ್ತಿಲು ತುಳಿದವನಲ್ಲ. ದಾರಿಯಲ್ಲಿ ಸಿಕ್ಕರೂ ಆಚೆ ಬಾಜು ಹೋಗುತ್ತಿದ್ದ. ಒಳಗೆ ಬಂದವನು ಸೀದಾ ಹರವಿಯ ಹತ್ತಿರ ಹೋಗಿ ಹೆಂಚು ತೆಗೆದು, ತನ್ನ ಧೋತರದ ಚುಂಗಿನಿಂದ ಒರೆಸಿದ. ಅಮ್ಮಿ ಬೇರೆ ಮುಚ್ಚಳ ಹುಡುಕಿ ಮುಚ್ಚಿದಳು. ಭಟ್ಟಿಗೆ ಒಯ್ಯಲು ಬಂದಿದ್ದಾನೆ, ರೇಣವ್ವನ ಕೈಯಲ್ಲಿ ಬಡಿಸುತ್ತಾನೆ ಎಂದುಕೊಂಡೆ. ಅದೇ ಸರಿ ಎಂದೂ ಅಂದುಕೊಂಡೆ.

ಅವನು ಹೆಂಚನ್ನು ನನ್ನ ಎಡಗೈಗೆ ಕೊಟ್ಟ. ಕಟ್ಟಿಗೆಯ ತುಂಡನ್ನು ಬಲಗೈಗೆ ಕೊಟ್ಟ.

"ನನಗ ಕೇಳಸೂದಿಲ್ಲೋ ಬಂಡ್ಯಾ," ಎಂದೆ.

ಅವನು ಕೂಗಲಿಲ್ಲ. ಹತ್ತಿರ ಬಂದು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ: "ನೀ ಬಡಿ. ನಾ ಕೇಳ್ತೀನಿ."

ಬಡಿದೆ. ಅವನ ಮುಖವನ್ನೇ ನೋಡುತ್ತಿದ್ದೆ.

ಹೆಂಚು ಚೆನ್ನಾಗಿದೆ ಬೇಟಾ.

ನಿನ್ನ ಅಬ್ಬಾ
ಮೌಲಾಸಾಬ